ನಮ್ಮೂರ ಅಡುಗೆ ನಮ್ಮೂರ ಹೋಟ್ಲಲ್ಲೇ ಯಾಕೆ ಸಿಗಲ್ಲ?

ನಾನು ಕುಮಟಾ ಕಡೆಯವನು, ಮುಂಬೈ ಹತ್ರದ ಡೊಂಬಿವಲಿಗೆ ಬಂದು 16 ವರ್ಷ ಆಯ್ತು. ಭಾನುವಾರ ಬಂತು ಅಂದ್ರೆ ಲೋಕಲ್ ಟ್ರೇನ್ ಹತ್ತಿ ಎಲ್ಲಾದ್ರೂ ತಿನ್ನೋಕೆ ಹೋಗೋದು ನನಗೂ ಹೆಂಡತಿಗೂ ರೂಢಿ. ಒಂದ್ಸಲ ಘಾಟ್ಕೋಪರ್ ಖಾವು ಗಲ್ಲಿ, ಒಂದ್ಸಲ ದಾದರ್, ಊರಿನ ನೆನಪು ಜಾಸ್ತಿ ಆದಾಗ ಮಾಟುಂಗಾದಲ್ಲಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇರೋದು, ಬಾಳೆಎಲೆ ಊಟ.

ಇಷ್ಟು ವರ್ಷ ತಿರುಗಿದ ಮೇಲೆ ನನಗೆ ಅನಿಸಿದ್ದು ಏನಂದ್ರೆ, ಮುಂಬೈನವ್ರು ಮನೇಲಿ ಏನು ತಿಂತಾರೋ ಅದನ್ನ ಧೈರ್ಯವಾಗಿ ಬೀದಿಗೆ ತಂದು ಮಾರ್ತಾರೆ. ವಡಾಪಾವ್‌ನೇ ನೋಡಿ, 1966ರ ಹೊತ್ತಿಗೆ ಅಶೋಕ್ ವೈದ್ಯ ಅನ್ನೋರು ದಾದರ್ ಸ್ಟೇಷನ್ ಹತ್ರ ಶುರು ಮಾಡಿದ್ರು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ, ಮನೇಲಿ ಮಾಡೋ ಬಟಾಟೆ ವಡೆನ ಪಾವಿನೊಳಗೆ ಇಟ್ಟು ಕೊಟ್ರು, ಅಷ್ಟೇ, ಇವತ್ತು ಇಡೀ ಊರಿನ ಗುರುತೇ ಅದು. ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಪೋಳಿ ಭಾಜಿ ಕೇಂದ್ರ ಇದೆ, ಮೂರು ಜನ ಹೆಂಗಸರು ನಡೆಸ್ತಾರೆ, ಚಪಾತಿ, ಪಲ್ಯ, ವರಣ (ತೊವ್ವೆ) ಅನ್ನ, ಚೌತಿ ಬಂದ್ರೆ ಹಬೇಲಿ ಬೇಯಿಸಿದ ಉಕಡೀಚೆ ಮೋದಕ, ಹೋಳಿ ಹಬ್ಬಕ್ಕೆ ಪುರಣಪೋಳಿ. ಸಂಜೆ ಏಳಕ್ಕೆ ಹೋದ್ರೆ ಆಫೀಸಿಂದ ಬಂದವ್ರು ಕ್ಯೂ ನಿಂತಿರ್ತಾರೆ. ವರ್ಸೋವಾದಲ್ಲಂತೂ ಮೀನುಗಾರ ಕೋಳಿ ಸಮುದಾಯದ ಹೆಂಗಸರು ತಮ್ಮ ಮನೆ ಮೀನಡುಗೆನೇ ಮಳಿಗೆ ಹಾಕಿ ಮಾರೋ ಹಬ್ಬನೇ ಮಾಡ್ತಾರೆ.

ಈಗ ನಮ್ಮ ಕಡೆಗೆ ಬನ್ನಿ. ಕುಮಟಾ, ಹೊನ್ನಾವರ, ಸಿರ್ಸಿ ಎಲ್ಲೇ ಹೋದ್ರೂ ಬೆಳಿಗ್ಗೆ ಹೋಟ್ಲಲ್ಲಿ ಬನ್ಸ್, ಮಿಸಳ್ ಭಾಜಿ ಸಿಗುತ್ತೆ, ಅದು ನನ್ನ ಪ್ರಾಣ. ಹಿಂದಿನ ರಾತ್ರಿನೇ ಬಾಳೆಹಣ್ಣು ಕಿವುಚಿ ಮೈದಾ, ಮೊಸರು ಹಾಕಿ ಕಲಸಿಟ್ಟ ಹಿಟ್ಟು, ಕಾದ ಎಣ್ಣೆಗೆ ಬಿಟ್ಟ ಕೂಡ್ಲೇ ಉಬ್ಬಿ ಕಂದು ಬಣ್ಣಕ್ಕೆ ಬರ್ತದೆ, ಮುರಿದ್ರೆ ಒಳಗಿಂದ ಹಬೆ, ಆ ಸಣ್ಣ ಸಿಹಿಗೆ ಖಾರದ ಭಾಜಿ. ಉತ್ತರ ಕನ್ನಡ 1862ರಿಂದ 1956ರ ತನಕ ಮುಂಬೈ ಆಡಳಿತದಲ್ಲೇ ಇತ್ತಲ್ಲ, ಮಿಸಳ್, ಪಾವ್ ಎಲ್ಲ ನಮ್ಮ ನಾಲಿಗೆಗೆ ಹತ್ತಿರ ಆಗಿದ್ದಕ್ಕೆ ಆ ನಂಟೂ ಒಂದು ಕಾರಣ ಅಂತ ನನ್ನ ನಂಬಿಕೆ. ಕಾರವಾರ, ಅಂಕೋಲಾದ ಸಣ್ಣ ಊಟದ ಹೋಟೆಲ್‌ಗಳೂ ಹಾಗೇ, ಇವತ್ತು ಬೋಟಿಗೆ ಬಂಗಡೆ ಬಿದ್ರೆ ಬಂಗಡೆ, ಬಳಚು (ಚಿಪ್ಪುಮೀನು) ಸಿಕ್ರೆ ಬಳಚಿನ ಸುಕ್ಕಾ, ಜೂನ್ ಜುಲೈ ಬೋಟ್ ಬಂದ್ ಆದ್ರೆ ಹೊಳೆ ಮೀನು, ಒಣ ಸಟ್ಲಿ (ಸಿಗಡಿ). ಅವ್ರಿಗೆ ನಾನು ಕೈ ಮುಗೀತೀನಿ.

ಆದ್ರೆ ಉಳಿದಿದ್ದೆಲ್ಲ ಎಲ್ಲಿ ಹೋಯ್ತು? ಸೌತೆಕಾಯಿ ತೆಳ್ಳೇವು ಅನ್ನೋ ತೆಳ್ಳನೆ ದೋಸೆ, ಹಲಸಿನಹಣ್ಣಿನ ಕಡುಬು, ಮಾವಿನಕಾಯಿ ಅಪ್ಪೆಹುಳಿ, ತಂಬುಳಿ, ಇವು ಎಷ್ಟು ಹೋಟ್ಲಲ್ಲಿ ಸಿಗುತ್ತೆ ಹೇಳಿ. ಹಿತ್ತಲಲ್ಲಿ ಮುರುಗಲು (ಕೋಕಂ) ಹಣ್ಣು ಉದುರಿ ಬಿದ್ದಿರ್ತದೆ, ಹೋಟ್ಲ ಫ್ರಿಜ್ಜಲ್ಲಿ ನೋಡಿದ್ರೆ ಬರೀ ಕೋಲಾ ಬಾಟ್ಲಿ, ಅದೇ ಮುರುಗಲಿನ ಶರಬತ್ತನ್ನ ದಾದರ್‌ನಲ್ಲಿ ದುಡ್ಡು ಕೊಟ್ಟು ಕುಡೀತೀವಿ. ಬೇಸಿಗೇಲಿ ಹೈವೇ ಪಕ್ಕ ಕುಮಟಾ ಸಿಹಿ ಈರುಳ್ಳಿ ಗೊಂಚಲು ಕಟ್ಟಿ ನೇತು ಹಾಕಿರ್ತಾರೆ, ಎದುರಿನ ಹೋಟ್ಲಲ್ಲಿ ಬೋರ್ಡು ಮಾತ್ರ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ. ಗೋಕರ್ಣದ ಬೀಚಲ್ಲಿ ಪಿಜ್ಜಾ, ಪಾಸ್ತಾ. ಬಂದವ್ರು ಕೇಳ್ತಾರೆ ಅಂತ ಕೊಡ್ತಾರೆ ಸರಿ, ಆದ್ರೆ ಬಂದವ್ರಿಗೆ ತೆಳ್ಳೇವು ಅನ್ನೋದು ಇದೆ ಅಂತ ಯಾರೂ ಹೇಳೇ ಇಲ್ವಲ್ಲ, ಕೇಳೋದು ಹೆಂಗೆ?

ಒಂದ್ಸಲ ಊರಿಗೆ ಹೋದಾಗ ಪರಿಚಯದ ಹೋಟೆಲ್‌ನವ್ರ ಹತ್ರ ಇದನ್ನೇ ಕೇಳಿದೆ. "ತೆಳ್ಳೇವು ತಿನ್ನೂಕೆ ಹೋಟ್ಲಿಗೆ ಯಾರ್ ಬರ್ತ್ರು ತಮಾ, ಅದು ಮನೇಲಿ ಮಾಡೂದು" ಅಂದ್ರು. ಈ ಮಾತಿಗೆ ನನಗೆ ನಿಜವಾಗ್ಲೂ ಬೇಜಾರಾಯ್ತು. ಬಟಾಟೆ ವಡೆನೂ ಮನೇಲಿ ಮಾಡೂದೇ ಅಲ್ವಾ? ಊರಲ್ಲಿ ಮನೆಗಳೇ ಖಾಲಿ ಆಗ್ತಿವೆ, ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಪುಣೆ ಸೇರಿದಾರೆ, ಇನ್ನು ಹತ್ತು ವರ್ಷಕ್ಕೆ ತೆಳ್ಳೇವು ಹುಯ್ಯೋರು ಮನೇಲಾದ್ರೂ ಎಷ್ಟು ಜನ ಇರ್ತಾರೆ? ಹೋಟ್ಲಲ್ಲಿ ವಾರಕ್ಕೊಂದಿನ ಮಾಡಿದ್ರೂ ಸಾಕು, ಹೆಸರು ಬೋರ್ಡಿನ ಮೇಲೆ ಬರೀಲಿ.

ಫೆಬ್ರವರಿಲಿ ಆಫೀಸಿನ ಮರಾಠಿ ಗೆಳೆಯನ್ನ ಊರಿಗೆ ಕರ್ಕೊಂಡು ಹೋಗಿದ್ದೆ, ಆಲೆಮನೆ ಹೊತ್ತು, ಸಿರ್ಸಿ ಹತ್ರ ಒಬ್ಬ ಅಕ್ಕ ತೊಡದೇವು ಮಾಡ್ತಿದ್ರು. ಒಲೆ ಮೇಲೆ ಬೋರಲು ಹಾಕಿದ ಮಡಕೆ, ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟು ನೀರಿನ ಹಾಗೆ ತೆಳ್ಳಗೆ, ಕೋಲಿಗೆ ಸುತ್ತಿದ ಬಟ್ಟೆನ ಅದ್ದಿ ಮಡಕೆ ಮೇಲೆ ಒಂದೇ ಸಲ ಎಳೆದ್ರು, ಚುಂಯ್ ಅಂತು, ಎರಡು ಕ್ಷಣಕ್ಕೆ ಅಂಚು ಎದ್ದು ಕಾಗದದ ಹಾಗೆ ಬಂತು, ತುಪ್ಪ ಸವರಿ ಮಡಚಿ ಕೊಟ್ರು. ಅವನು ಬಾಯಿಗೆ ಹಾಕ್ಕೊಂಡು ಮಾತೇ ಆಡ್ಲಿಲ್ಲ, ಇನ್ನೊಂದು ಅಂತ ಕೈ ಚಾಚಿದ. ಆಮೇಲೆ ಅವ್ನು ಕೇಳಿದ್ದು, ಆಯಿಗೆ (ಅಮ್ಮನಿಗೆ) ಒಯ್ಯಬೇಕು, ಇದು ಯಾವ ಹೋಟ್ಲಲ್ಲಿ ಸಿಗುತ್ತೆ ಅಂತ. ನನಗೆ ಹೇಳೋಕೆ ಒಂದು ಹೆಸರೂ ಹೊಳೀಲಿಲ್ಲ. ಆ ಅಕ್ಕನೇ ಎರಡು ಡಬ್ಬಿ ತುಂಬಿಸಿ ಕೊಟ್ರು, ಅವ್ರ ಮೊಬೈಲ್ ನಂಬರ್ ಬರ್ಕೊಂಡು ಬಂದ್ವಿ, ಈ ಸಲ ಅವ್ನ ಆಯಿನೇ ಫೋನ್ ಮಾಡಿ ಇನ್ನೂ ನಾಲ್ಕು ಡಬ್ಬಿ ತರೋಕೆ ಹೇಳಿದಾರೆ.