ಸ್ಪಷ್ಟನೆ: ಹಳೆ ಚೈನ್‌ಸಾಗೆ ಆಯಿಲ್ ಜಾಸ್ತಿ ಹಾಕಿದರೆ ಒಳ್ಳೆಯದಾ?

"ಹಳೆ ಚೈನ್‌ಸಾ ರಿಪೇರಿ ಮಾಡಿದ ಮೇಲೆ ಪೆಟ್ರೋಲಿಗೆ ಎರಡು ಪಟ್ಟು ಟೂ-ಸ್ಟ್ರೋಕ್ ಆಯಿಲ್ ಹಾಕಿ, ಎಂಜಿನ್ ಸೀಜ್ ಆಗುವುದೇ (ಪಿಸ್ಟನ್ ಸಿಕ್ಕಿಕೊಳ್ಳುವುದೇ) ಇಲ್ಲ" ಎಂಬ ಸಲಹೆ ಓಡಾಡುತ್ತಿದೆ. ಇದು ಸರಿಯಲ್ಲ.

ಕಾರ್ಬೊರೇಟರಿನ ಜೆಟ್‌ನಲ್ಲಿ (ಇಂಧನ ಹಾಯುವ ಸಣ್ಣ ತೂತಿನಲ್ಲಿ) ಹಾದುಹೋಗುವ ದ್ರವ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಪಾಲು ಹೆಚ್ಚಾದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ ಸ್ವಲ್ಪ ಲೀನ್ ಆಗುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ), ಎಂಜಿನ್ ಇನ್ನೂ ಬಿಸಿಯಾಗುತ್ತದೆ. ತಮಾಷೆ ಅಲ್ವಾ? ಕಾಪಾಡಲು ಹೋಗಿ ಸುಡುವುದು! ಮೇಲಿಂದ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಜಾಲರಿಗೆ ಮಸಿ ಕಟ್ಟುತ್ತದೆ.

ಹಳೆ ಮಿಷನ್ನಿನ ಮೇಲೆ 16:1 ಅಥವಾ 25:1 (ಅಂದರೆ 16 ಅಥವಾ 25 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) ಎಂದು ಬರೆದಿರುವುದು ನಿಜ. ಅದು ಆ ಕಾಲದ ಆಯಿಲಿಗೆ ಹೇಳಿದ್ದು. ಈಗಿನ ಒಳ್ಳೆಯ ಟೂ-ಸ್ಟ್ರೋಕ್ ಆಯಿಲಿಗೆ ಸಾಮಾನ್ಯವಾಗಿ 50:1, ಅಂದರೆ ಲೀಟರಿಗೆ 20 ಮಿ.ಲೀ. ಅನುಮಾನವಿದ್ದರೆ 40:1, ಲೀಟರಿಗೆ 25 ಮಿ.ಲೀ. ಹಾಕಿ, ಆಮೇಲೆ ಕಾರ್ಬೊರೇಟರ್ ಟ್ಯೂನ್ ಮಾಡಿ. ಮಾಪನ ಮಾಡದೆ ಸುಮ್ನೆ ಸುರಿಯುವುದು ಬೇಡ.

ಹಳೆ ಸಾ ಸೀಜ್ ಆಗುವುದಕ್ಕೆ ಬಹಳ ಸಲ ಕಾರಣ ಬೇರೆಯೇ: ಗಟ್ಟಿಯಾದ ಕ್ರ್ಯಾಂಕ್ ಸೀಲ್ (ಎಂಜಿನ್ ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ), ಬಿರುಕುಬಿಟ್ಟ ಇನ್‌ಟೇಕ್ ರಬ್ಬರ್, ಪೆಟ್ರೋಲ್ ಪೈಪ್, ಬಿರುಸಾದ ಡಯಾಫ್ರಂ (ಕಾರ್ಬೊರೇಟರಿನೊಳಗಿನ ತೆಳು ಪೊರೆ). ಇವುಗಳಿಂದ ಗಾಳಿ ನುಸುಳಿದರೆ ಅಥವಾ ಪೆಟ್ರೋಲ್ ಕಡಿಮೆ ಬಂದರೆ ಎಷ್ಟು ಆಯಿಲ್ ಹಾಕಿದರೂ ಪ್ರಯೋಜನವಿಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಎಂಜಿನ್ ವೇಗ ತಾನಾಗಿ ಏರುತ್ತಿದ್ದರೆ ಮೊದಲು ಇವನ್ನೇ ನೋಡಿ. ಇನ್ನು ಫೋರ್-ಸ್ಟ್ರೋಕ್ ಹುಲ್ಲು ಕತ್ತರಿಸುವ ಯಂತ್ರಗಳಿಗೆ (ಮೋವರ್) ಸಾಮಾನ್ಯವಾಗಿ ಪೆಟ್ರೋಲಿಗೆ ಆಯಿಲ್ ಬೆರೆಸುವುದೇ ಇಲ್ಲ.