ತೂಕದ ಮಾತು

ಕೈಗೆ ಇನ್ನೂ ಸುಟ್ಟ ವಾಸನೆ ಅಂಟಿಕೊಂಡಿದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಹಳೇ ಆರ್ಕೇಡ್ ಪೆಟ್ಟಿಗೆ, ಅಂದ್ರೆ ಕಾಸು ಹಾಕಿ ಆಡುವ ವಿಡಿಯೊ ಗೇಮಿನ ಪೆಟ್ಟಿಗೆ, ಸಾಕಿಕೊಂಡವರಿಗೆಲ್ಲ ಈ ಕಾಯಿಲೆ ಗೊತ್ತು. ಆಟ ಸರಿಯಾಗೇ ನಡೆಯುತ್ತಿರುತ್ತದೆ. ಚಿತ್ರದ ಎರಡೂ ಅಂಚು ಮಾತ್ರ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಅಲ್ಲಾಡುತ್ತಿರುತ್ತವೆ. ನನ್ನ 19 ಇಂಚಿನ ಮಾನಿಟರಿನಲ್ಲಿ ಹೋದ ವಾರದಿಂದ ಇದೇ ಗೋಳು. ಗೋಡೆ ಬಳುಕುತ್ತೆ, ಸ್ಕೋರ್ ಬಳುಕುತ್ತೆ, ನೋಡ್ತಾ ನೋಡ್ತಾ ನಾನೂ ಬಳುಕತೊಡಗಿದೆ.

"ಮಾನಿಟರಿನ ಫಿಲ್ಟರ್ ಕೆಪಾಸಿಟರ್, ಕರೆಂಟಿನ ಏರಿಳಿತ ಸಮ ಮಾಡೋ ಡಬ್ಬಿ, ಒಣಗಿದೆ, ಬದಲಾಯಿಸು" ಅಂದ ಗೆಳೆಯ. ಅವನು ಹೇಳಿದ್ದು ಸರಿಯಿತ್ತು. ಅದಕ್ಕೇ ನಾನು ಕೇಳಲಿಲ್ಲ.

ಇವನ ಬಗ್ಗೆ ಸ್ವಲ್ಪ ಹೇಳಬೇಕು. ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟಿಗೆ ಇಳಿಸುವ ಪವರ್ ಸಪ್ಲೈ ಕೈಗೆ ಸಿಕ್ಕರೆ ಬೇರೆಯವರು ಮೀಟರ್ ಹಿಡಿಯುತ್ತಾರೆ. ಇವನು ತೂಗುತ್ತಾನೆ. ಅಂಗೈ ಮೇಲೆ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸಿ ತೀರ್ಪು ಕೊಡುತ್ತಾನೆ. ಹಳೇ ಬಗೆಯ ಭಾರದ ಲೀನಿಯರ್ ಸಪ್ಲೈ ಎತ್ತುವಾಗ ಸೊಂಟ ಹಿಡಿದುಕೊಂಡರೆ ಮುಖದಲ್ಲಿ ಭಕ್ತಿ. ಹಗುರವಾದ ಸ್ವಿಚಿಂಗ್ ಸಪ್ಲೈ ಕೊಟ್ಟರೆ, "ಒಳಗೆ ಏನಾದ್ರೂ ಇದೆಯಾ, ಬರೀ ಡಬ್ಬಿ ಕೊಟ್ಟರಾ?" ಲೀನಿಯರಿನ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಇಲ್ಲವೇ 60 ಸಲ ಉಸಿರಾಡುವ ಆಸಾಮಿ, ಅದಕ್ಕೆ ಅಷ್ಟು ಕಬ್ಬಿಣ ಬೇಕು, ಸ್ವಿಚಿಂಗು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತೆ, ಪುಟ್ಟ ಫೆರೈಟ್ ತುಂಡು ಸಾಕು ಅಂತ ಎಷ್ಟೋ ಸಲ ಹೇಳಿದ್ದೇನೆ. "ನಿನ್ನ ಲೀನಿಯರ್ ಮಿಕ್ಕ ವೋಲ್ಟನ್ನೆಲ್ಲ ಬಿಸಿ ಮಾಡಿ ಬಿಸಾಡುತ್ತೆ" ಅಂದರೆ, "ಬಿಸಿ ಆಗುತ್ತೆ ಅಂದ್ರೆ ದುಡೀತಿದೆ ಅಂತ" ಅನ್ನುತ್ತಾನೆ. ನಿನ್ನ ಫೋನ್ ಚಾರ್ಜರ್ ಕೂಡ ಸ್ವಿಚಿಂಗೇ ಅಲ್ವಾ ಅಂತ ಒಮ್ಮೆ ಕೇಳಿದೆ. ಜೇಬಿನಿಂದ ತೆಗೆದು ತೂಗಿದ. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇವನ ಮೇಲಿನ ಹಟಕ್ಕೆ, ಎಲ್ಲ ಆ ಲೀನಿಯರಿನದೇ ಕಿತಾಪತಿ ಅಂತ ತೀರ್ಮಾನಿಸಿ, ಪೆಟ್ಟಿಗೆಯ ಹಳೇ ಸಪ್ಲೈ ಕಿತ್ತು ಸ್ವಿಚಿಂಗ್ ಹಾಕಿದೆ. 5 ವೋಲ್ಟ್, 12 ವೋಲ್ಟ್, ಮೈನಸ್ 5, ಎಲ್ಲ ಅಚ್ಚುಕಟ್ಟು. ಆಟ ನಡೆಸುವ ಬೋರ್ಡಿನ ಹತ್ತಿರವೇ ಮೀಟರ್ ಹಿಡಿದು, ಸಪ್ಲೈನ ಪುಟ್ಟ ತಿರುಪು ತಿರುಗಿಸಿ 5ಕ್ಕೆ ಕೂರಿಸಿದೆ. ಎಷ್ಟು ಹೆಮ್ಮೆ! ಮಿಕ್ಕಿದ್ದು ತಳದಲ್ಲಿದ್ದ ಇನ್ನೊಂದು ಟ್ರಾನ್ಸ್‌ಫಾರ್ಮರ್, ಅದರಿಂದ ಮಾನಿಟರಿಗೆ ಹೋಗುವ ಎರಡು ವೈರು. ಅಳೆದು ನೋಡಿದೆ. ಒಳಗೆ ಹೋದಷ್ಟೇ ವೋಲ್ಟು ಹೊರಗೂ ಬರುತ್ತಿದೆ. ಏನೂ ಮಾಡದೆ ಸುಮ್ನೆ ಕೂತು ಗುಂಯ್ ಅನ್ನೋ ಇದನ್ನು ಯಾಕೆ ಸಾಕಬೇಕು? ಕಿತ್ತು ಮೂಲೆಗಿಟ್ಟೆ. ಮಾನಿಟರನ್ನು ನೇರ ಪ್ಲಗ್ಗಿಗೆ ಕೊಟ್ಟೆ.

ಢಮ್!

ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಕೆಲಸವೇ ಅದು. ಏನನ್ನೂ ಬದಲಾಯಿಸದೆ ಗೋಡೆಯ ಕರೆಂಟಿಗೂ ಮಾನಿಟರಿಗೂ ನಡುವೆ ನಿಲ್ಲುವುದು. ಒಳಗೇ ಸ್ವಿಚಿಂಗ್ ಸಪ್ಲೈ ಇರುವ ಈಚಿನ ಮಾನಿಟರುಗಳಿಗೆ ಸಾಮಾನ್ಯವಾಗಿ ಇದು ಬೇಕಿಲ್ಲ, ಅವುಗಳ ಒಳಗಿನ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರೇ ಆ ಕೆಲಸ ಮಾಡುತ್ತೆ. ನನ್ನದು ಹಳೇದು. ಅದರ ಚಾಸಿ, ಅಂದ್ರೆ ಒಳಗಿನ ಸರ್ಕ್ಯೂಟು ಕೂತ ಚೌಕಟ್ಟು, ಡಯೋಡುಗಳ ಮೂಲಕ ನೇರ ಕರೆಂಟಿಗೆ ಅಂಟಿಕೊಂಡಿತ್ತು. ವಿಡಿಯೊ ವೈರಿನ ಗ್ರೌಂಡ್ ಕಡೆಯಿಂದ ಬೋರ್ಡಿನ ಅರ್ತಿಂಗ್ ಸಿಕ್ಕಿದ್ದೇ ತಡ, ಫ್ಯೂಸು ಹೋಯಿತು, ಜೊತೆಗೆ ಎರಡು ಡಯೋಡು. ಆ ಹೊತ್ತಿಗೆ ನನ್ನ ಕೈ ಚಾಸಿ ಮೇಲೆ ಇರಲಿಲ್ಲ ಅನ್ನೋದೊಂದೇ ಪುಣ್ಯ.

ಗೆಳೆಯ ಬಂದ. ಬೈಯಲಿಲ್ಲ. ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ನನ್ನ ತೊಡೆ ಮೇಲೆ ಇಟ್ಟ. ಬೈದಿದ್ದರೇ ಚೆನ್ನಾಗಿತ್ತು.

ಡಯೋಡು ಬದಲಾಯಿಸಿ, ಟ್ರಾನ್ಸ್‌ಫಾರ್ಮರ್ ಮತ್ತೆ ಜೋಡಿಸಿ ಸ್ವಿಚ್ ಒತ್ತಿದೆವು. ಚಿತ್ರ ಬಂತು. ಅಂಚು ಕುಣಿಯುತ್ತಲೇ ಇತ್ತು! ಕುಣಿಸುತ್ತಿದ್ದದ್ದು ಮಾನಿಟರಿನ ಒಳಗಿನ ಸಪ್ಲೈ. ನಾನು ಕಿತ್ತು ಹಾಕಿದ್ದು ಬೋರ್ಡಿನದ್ದು.

ಪಕ್ಕದ ಕೋಣೆಯಿಂದ ಮಗಳು ಕೂಗಿದಳು, "ಆ ಕೀ ಅನ್ನೋ ಸದ್ದು ನಿಲ್ಲಿಸಿ!" ಇಂಥ ಮಾನಿಟರ್ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುತ್ತೆ, ಅದರದ್ದೇ ಕೀರಲು. ಅವಳ ವಯಸ್ಸಿನಲ್ಲಿ ನಾನೂ ಬಾಗಿಲಾಚೆ ನಿಂತೇ ಒಳಗೆ ಪಿಕ್ಚರ್ ಟ್ಯೂಬ್ ಉರಿಯುತ್ತಿದೆ ಅಂತ ಹೇಳುತ್ತಿದ್ದೆ. "ನಿಂಗೆ ಕೇಳಿಸುತ್ತಾ?" ಅಂದೆ. ಗೆಳೆಯ ಇಲ್ಲ ಅಂತ ತಲೆ ಅಲ್ಲಾಡಿಸಿದ. ನಮ್ಮಿಬ್ಬರಿಗೂ ಕೇಳಿಸುತ್ತಿದ್ದದ್ದು ಟ್ರಾನ್ಸ್‌ಫಾರ್ಮರಿನ ಗುಂಯ್ ಒಂದೇ. ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ಕೂತೆವು.

ಕೊನೆಗೆ ಕೆಪಾಸಿಟರ್ ಬದಲಾಯಿಸಿದೆ. ಅಂಚು ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗೆ ನಿಂತಿತು. ಗೆಳೆಯ ಹಳೇದನ್ನು ಅಂಗೈಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಒಣಗಿ ಹಗುರ ಆಗಿದೆ ನೋಡು. ತೂಗಿದ್ದರೆ ಹೋದ ವಾರವೇ ಗೊತ್ತಾಗ್ತಿತ್ತು."

ಹೊಸದರ ಜೊತೆ ತಂದಿದ್ದ ಇನ್ನೊಂದನ್ನು ಕೊಟ್ಟೆ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ವೋಲ್ಟ್, ಗಾತ್ರ ಮಾತ್ರ ಅರ್ಧ. ತೂಗಿದ. ಮತ್ತೊಮ್ಮೆ ತೂಗಿದ.

"ಇದೂ ಒಣಗಿದೆ" ಅಂತ ಹಿಂದಕ್ಕೆ ಕೊಟ್ಟ.