57 ವರ್ಷ 15 ನಿಮಿಷ ಮುಂದಿರುವ ನೆರೆಯವರು

ಸ್ವಂತ ಕಾರಿನಲ್ಲಿ ಸಂಸಾರ ಸಮೇತ ನೇಪಾಳಕ್ಕೆ ಹೊರಟವರಿಗೆ ಗಡಿಯಲ್ಲಿ ಎದುರಾಗುವ ಮೊದಲ ತೊಂದರೆ ಏನೆಂದರೆ, ಅಲ್ಲಿ ಯಾವ ತೊಂದರೆಯೂ ಎದುರಾಗುವುದಿಲ್ಲ. ಗೋರಖಪುರದಿಂದ ಹೆಚ್ಚುಕಮ್ಮಿ ನೂರು ಕಿಲೋಮೀಟರಿಗೆ ಸೊನೌಲಿ. ಅಲ್ಲೊಂದು ಕಮಾನು. ಈಚೆ ನಮ್ಮ ಗಡಿ ಕಾಯುವ ಎಸ್‌ಎಸ್‌ಬಿ ಜವಾನರು, ಆಚೆ ನೇಪಾಳದ ಪೊಲೀಸರು. ನಡುವೆ ಸೈಕಲ್ಲು, ರಿಕ್ಷಾ, ತರಕಾರಿ ಚೀಲ ಹೊತ್ತವರು ಅಡುಗೆಮನೆಯಿಂದ ಪಡಸಾಲೆಗೆ ಬಂದಷ್ಟೇ ಸಲೀಸಾಗಿ ದೇಶ ಬದಲಾಯಿಸುತ್ತಿರುತ್ತಾರೆ. ವೀಸಾ ಬೇಡ, ಪಾಸ್‌ಪೋರ್ಟಿಗೆ ಮುದ್ರೆ ಬೇಡ. ಈ ಪ್ರವಾಹದಲ್ಲಿ ಕಾರೂ ತೇಲಿಕೊಂಡು ಕಮಾನು ದಾಟಿಬಿಡುತ್ತದೆ. ಹಿಂದಿನ ಸೀಟಿನಲ್ಲಿ ಚಪ್ಪಾಳೆ, ಸೆಲ್ಫಿ. ಇಲ್ಲೂ ಎಡಗಡೆಯೇ ಓಡಿಸುವುದು, ಬೋರ್ಡೆಲ್ಲ ದೇವನಾಗರಿ, ಹಣದ ಹೆಸರೂ ರೂಪಾಯಿ. ಮುಂದೆ ಎಲ್ಲೋ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿ "ಭನ್ಸಾರ್?" ಅನ್ನುತ್ತಾನೆ. ನೋಡಲೇಬೇಕಾದ ಜಲಪಾತವೊಂದು ಹಿಂದೆಯೇ ಉಳಿಯಿತೇನೋ ಎಂದು ಕಾರಿನವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಭನ್ಸಾರ್ ಅಂದರೆ ಕಸ್ಟಮ್ಸ್. ಮನುಷ್ಯರಿಗೆ ಗಡಿ ತೆರೆದಿದೆ, ಕಾರಿಗಲ್ಲ. ಕಮಾನು ದಾಟಿದ ಕೂಡಲೇ ಬೆಲಹಿಯಾದಲ್ಲಿ ನಿಲ್ಲಿಸಿ, ಮೂಲ ಆರ್‌ಸಿ, ಲೈಸೆನ್ಸ್, ಮಾಲೀಕರ ಗುರುತಿನ ಚೀಟಿ ತೋರಿಸಿ, ಎಷ್ಟು ದಿನ ಬೇಕೋ ಅಷ್ಟಕ್ಕೆ ಶುಲ್ಕ ಕಟ್ಟಿ ಚೀಟಿ ಮಾಡಿಸಬೇಕು. ಆಮೇಲೆ ಯಾತಾಯಾತ್ ಎಂಬ ಸಾರಿಗೆ ಪರ್ಮಿಟ್ಟು. ಕಾರು ಭಾವಮೈದುನನ ಹೆಸರಿನಲ್ಲಿದ್ದು ಭಾವಮೈದುನ ಮನೆಯಲ್ಲಿದ್ದರೆ ಅವನ ಒಪ್ಪಿಗೆ ಪತ್ರ ಜೊತೆಗಿರಬೇಕು. ದಾಖಲೆಗಳೆಲ್ಲ ಮೊಬೈಲಿನಲ್ಲಿವೆ ಎಂದು ಎದೆಯುಬ್ಬಿಸಿ ನಿಂತವರು ಸ್ವಲ್ಪ ಹೊತ್ತಿಗೆ ಜೆರಾಕ್ಸ್ ಅಂಗಡಿ ಹುಡುಕುತ್ತಿರುತ್ತಾರೆ. ಪ್ರತಿಯೊಂದರದೂ ಮೂರು ಪ್ರತಿ ಮೊದಲೇ ಇಟ್ಟುಕೊಂಡರೆ ಮರ್ಯಾದೆಯೂ ಉಳಿಯುತ್ತದೆ, ಮಧ್ಯಾಹ್ನವೂ ಉಳಿಯುತ್ತದೆ. ಚೀಟಿ ಕೈಗೆ ಬಂದ ತಕ್ಷಣ ಗಾಡಿಯ ನಂಬರು, ಚಾಸಿ ನಂಬರು ಸರಿಯಾಗಿ ಬರೆದಿದ್ದಾರೆಯೇ ಎಂದು ಕೌಂಟರಿನ ಮುಂದೆಯೇ ಓದಬೇಕು. ತಪ್ಪು ಅಂಕಿಯನ್ನು ಪೋಖರಾದಲ್ಲಿ ಕಂಡುಹಿಡಿದರೆ ಅದನ್ನು ತಿದ್ದುವವರು ಅಲ್ಲಿಲ್ಲ.

ಇನ್ನು ಜನರ ಕಾಗದ. ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ. ಎಲ್ಲೆಡೆ ನಡೆಯುವ ಆಧಾರ್ ಇಲ್ಲಿ 15ರೊಳಗಿನ ಮಕ್ಕಳಿಗೂ 65 ದಾಟಿದ ಹಿರಿಯರಿಗೂ ಮಾತ್ರ ಸಾಕು, ಅದೂ 2019ರಿಂದ. ಹೀಗಾಗಿ ತಾತನ ಹಾದಿ ಸುಗಮ, ಮೊಮ್ಮಗಳದೂ ಸುಗಮ. ಸಿಕ್ಕಿಹಾಕಿಕೊಳ್ಳುವವನು ನಡುವಿನ ಹದಿನಾರರ ಹುಡುಗ: ಮಗುವೂ ಅಲ್ಲ, ಮತದಾರನೂ ಅಲ್ಲ. ಅವನಿಗೆ ಶಾಲೆಯ ಮುಖ್ಯಸ್ಥರು ಕೊಟ್ಟ ಗುರುತಿನ ಪತ್ರ ಬೇಕು. ಮನೆಮಂದಿ ಒಟ್ಟಿಗೇ ಹೋಗುವಾಗ ಒಬ್ಬ ದೊಡ್ಡವರ ಬಳಿ ಪಕ್ಕಾ ದಾಖಲೆ ಇದ್ದು, ಉಳಿದವರ ಬಳಿ ಫೋಟೋ ಇರುವ, ಸಂಬಂಧ ತೋರಿಸುವ ಬೇರೆ ಚೀಟಿ ಇದ್ದರೂ ನಡೆಯುತ್ತದೆ. ಆದರೆ ಆ ವಯಸ್ಸಿನ ಹುಡುಗ ತನಗೂ ಅಪ್ಪನಿಗೂ ಸಂಬಂಧವೇ ಇಲ್ಲವೆಂಬಂತೆ ಇಯರ್‌ಫೋನ್ ಹಾಕಿಕೊಂಡು ಹತ್ತು ಹೆಜ್ಜೆ ದೂರ ನಿಂತಿರುತ್ತಾನೆ. ಪತ್ರ ತಂದಿಟ್ಟುಕೊಳ್ಳುವುದೇ ವಾಸಿ.

ಈಗ ನಿಜವಾದ ಗುಂಡಿ. ಭನ್ಸಾರ್ ಚೀಟಿಯಲ್ಲಿ ಅವಧಿ ಮುಗಿಯುವ ದಿನಾಂಕ ಬರೆದಿರುತ್ತದೆ, ವಿಕ್ರಮ ಸಂವತ್‌ನಲ್ಲಿ. ನಮ್ಮ ಲೆಕ್ಕಕ್ಕೆ ಏಪ್ರಿಲ್ ನಡುಭಾಗದಿಂದ ಡಿಸೆಂಬರ್‌ವರೆಗೆ 57 ವರ್ಷ, ಅಲ್ಲಿಂದ ಮುಂದೆ 56 ವರ್ಷ ಕೂಡಿಸಬೇಕು. 2082 ಎಂದು ಓದಿದ ಯಜಮಾನರು ಪರ್ಮಿಟ್ಟು ಬಹಳ ಕಾಲ ಬಾಳುತ್ತದೆಂದು ಖುಷಿಪಟ್ಟರೆ ತಪ್ಪು ಅವರದಲ್ಲ. ವರ್ಷವಾದರೂ ಕೂಡಿಸಿ ಕಳೆದರೆ ಸಿಕ್ಕೀತು, ತಿಂಗಳಿನದು ಹಟಮಾರಿ ಲೆಕ್ಕ. ಅಲ್ಲಿನ ಸರ್ಕಾರಿ ತಿಂಗಳು ಸೌರಮಾನದ್ದು, 29ರಿಂದ 32 ದಿನಗಳವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. 2082ರ ಜೇಠ 1 ಎಂದರೆ 2025ರ ಮೇ 15. ಹಿಂದಿನ ಸೀಟಿನಿಂದ ಅಜ್ಜಿ ಕೂಡಲೇ ಆಕ್ಷೇಪಣೆ ಎತ್ತುತ್ತಾರೆ, ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಅಂದು ಇನ್ನೂ ವೈಶಾಖ ಬಹುಳ! ಅಜ್ಜಿಯೂ ಸರಿ, ಭನ್ಸಾರೂ ಸರಿ, ದಂಡ ಮಾತ್ರ ಕಾರಿಗೆ. ಬಿಸು ಹಬ್ಬ ಮಾಡುವ ಕರಾವಳಿಯವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಅವರ ಪಗ್ಗು ತಿಂಗಳು ಶುರುವಾಗುವ ಸುಮಾರಿಗೇ ಇವರ ಬೈಸಾಖವೂ ಶುರು. ಮಿಕ್ಕವರು ಕೌಂಟರಿನವನಿಂದಲೇ ಇಂಗ್ಲಿಷ್ ತಾರೀಖು ಕೇಳಿ ಚೀಟಿಯ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಲಿ. ಅಂಕಿಗಳೂ ದೇವನಾಗರಿಯವೇ, ಒಂದು ಮತ್ತು ಒಂಬತ್ತು ನೋಡಲು ಅಣ್ಣತಮ್ಮಂದಿರು.

ಪ್ರವೇಶದ ದಿನವೂ ಒಂದು ದಿನವೇ, ಸಂಜೆ ಹೊಕ್ಕರೂ. ಕರ್ನಾಟಕದಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ಡೀಸೆಲ್ ಸುರಿದುಕೊಂಡು ಬಂದವರು ಇಲ್ಲಿ ಒಂದು ದಿನದ ಶುಲ್ಕ ಉಳಿಸಲು ಬೆರಳು ಮಡಚಿ ಎಣಿಸುವುದು ಕುಟುಂಬಪ್ರವಾಸದ ಅರ್ಥಶಾಸ್ತ್ರ. ಎರಡು ದಿನ ಹೆಚ್ಚಿಗೆ ಕಟ್ಟಿಬಿಡಿ. ಭಾರತೀಯ ಗಾಡಿಗೆ ವರ್ಷಕ್ಕೆ ಒಟ್ಟು 30 ದಿನದ ಮಿತಿಯಿದೆ, ಅದರಲ್ಲಿ ಎರಡು ದಿನ ವ್ಯರ್ಥವಾದರೆ ಯಾರೂ ಬಡವಾಗುವುದಿಲ್ಲ. ಪೋಖರಾ ದಾರಿಯಲ್ಲಿ ಬುಟ್ವಲ್ ದಾಟಿದ ಮೇಲಿನ ಸಿದ್ಧಬಾಬಾ ತಿರುವುಗಳಲ್ಲಿ ಗುಡ್ಡದಿಂದ ಕಲ್ಲು ಉರುಳುವುದಕ್ಕೆ ನಿಮ್ಮ ಚೀಟಿಯ ತಾರೀಖು ಗೊತ್ತಿರುವುದಿಲ್ಲ.

ವಿಮೆಯ ಕಡೆಗೂ ಒಂದು ಕಣ್ಣಿರಲಿ. ಮಾಮೂಲಿ ಪಾಲಿಸಿ ಭಾರತದೊಳಗೆ ಮಾತ್ರ. ಹೊರಡುವ ಮೊದಲೇ ಕಂಪನಿಗೆ ಹೇಳಿ ಭೌಗೋಳಿಕ ವಿಸ್ತರಣೆಯ ಷರತ್ತು ಸೇರಿಸಿಕೊಳ್ಳಬೇಕು. ಆ ಷರತ್ತಿನ ಪಟ್ಟಿಯಲ್ಲಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಜೊತೆಗೆ ಮಾಲ್ಡೀವ್ಸ್ ಕೂಡ ಇದೆ. ಅಲ್ಲಿಗೆ ಕಾರು ಓಡಿಸಿಕೊಂಡು ಹೋಗುವವರ ಧೈರ್ಯಕ್ಕೂ ವಿಮೆ ಸಿಗುತ್ತದೆ.

ಹಣದ ವಿಷಯ. ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಈ ದರ ಕದಲಿಲ್ಲ. ಆದ್ದರಿಂದ ಬಂಕಿನ ಫಲಕ ನೋಡಿ ಎದೆ ಹಿಡಿದುಕೊಳ್ಳುವ ಮೊದಲು 1.6ರಿಂದ ಭಾಗಿಸಬೇಕು. ಅಂಗಡಿಯವನು ಕೇಳುವ ಪ್ರಶ್ನೆ ಒಂದೇ: "ಐಸಿನಾ, ಎನ್‌ಸಿನಾ?" ಭಾರತದ ದುಡ್ಡೋ ನೇಪಾಳದ ದುಡ್ಡೋ ಎಂದರ್ಥ. ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ಚೌಕಾಸಿಗೆ ಇಳಿಯಬಾರದು. 800 ಹೇಳಿದ ಶಾಲನ್ನು ಅರ್ಧ ಗಂಟೆ ಹೋರಾಡಿ 500ಕ್ಕೆ ಇಳಿಸಿ, ವಿಜಯದ ನಗೆಯಲ್ಲಿ ನಮ್ಮ ನೂರರ ಐದು ನೋಟು ಎಣಿಸಿ ಕೊಟ್ಟರೆ ಅವನಿಗೆ ಸಿಕ್ಕಿದ್ದು ಸರಿಯಾಗಿ 800. ನೂರರ ನೋಟು ಏಕೆಂದರೆ, 2018ರ ಡಿಸೆಂಬರಿನಿಂದ ಬಹುಕಾಲ ನೇಪಾಳದಲ್ಲಿ ಅದಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ನಿಷೇಧವಿತ್ತು. ಅಂಗಡಿಯಲ್ಲಿ ವಾದ ಬೇಡವೆನ್ನುವವರು ನೂರರ ಕಟ್ಟನ್ನೇ ಒಯ್ಯುತ್ತಾರೆ. 2024ರಿಂದ ಫೋನ್‌ಪೇ ಅಲ್ಲ, ಫೋನೆಪೇ ಎಂಬ ಅಲ್ಲಿನ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ಪಾವತಿ ಮಾಡುವ ವ್ಯವಸ್ಥೆಯೂ ಬಂದಿದೆ. ಅದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಅಲ್ಲಿನ ಸಿಮ್ ಬೇಕು, ಸಿಮ್ಮಿಗೆ ಗುರುತಿನ ಚೀಟಿ, ಫೋಟೋ ಬೇಕು. ಫೋಟೋ ಡಿಕ್ಕಿಯ ತಳದಲ್ಲಿ ಚಟ್ನಿಪುಡಿ ಡಬ್ಬದ ಕೆಳಗೆ ಇರುತ್ತದೆ.

ಹದಿನೈದು ನಿಮಿಷದ ಕಥೆ ಸಣ್ಣದು. ನೇಪಾಳದ ಗಡಿಯಾರ ನಮಗಿಂತ ಅಷ್ಟು ಮುಂದೆ. ಅಲ್ಲಿನ ಸಿಮ್ ಹಾಕದ ಫೋನು ಹಳೆಯ ಸಮಯವನ್ನೇ ತೋರಿಸುತ್ತಿರಬಹುದು. ಪೋಖರಾ ಬಳಿಯ ಸಾರಂಗಕೋಟ ಬೆಟ್ಟದಲ್ಲಿ ಸೂರ್ಯೋದಯ ನೋಡಲು ಐದೂವರೆಗೆ ಬನ್ನಿ ಎಂದರೆ ನಮ್ಮ ಐದೂವರೆಗೆ ತಲುಪುವ ಸಂಸಾರ, ಬೆಟ್ಟ ಇಳಿಯುತ್ತಿರುವವರನ್ನು ನೋಡಿ ವಾಪಸಾಗುತ್ತದೆ.

ಸೊನೌಲಿಯಿಂದ ಸಿದ್ಧಾರ್ಥ ಹೆದ್ದಾರಿಯಲ್ಲಿ ಪೋಖರಾ 180 ಕಿಲೋಮೀಟರ್ ಆಸುಪಾಸು. ಬಯಲುಸೀಮೆಯ ಲೆಕ್ಕದಲ್ಲಿ ಮೂರು ಗಂಟೆ ಎಂದು ಊಟಕ್ಕೆ ಹೇಳಿಟ್ಟರೆ ರಾತ್ರಿಯ ಊಟಕ್ಕೆ ತಲುಪಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇಟ್ಟರೆ ಪ್ಯಾಡು ಕಾದು, ಬ್ರೇಕ್ ದ್ರವ ಕುದಿದು ಪೆಡಲು ಸ್ಪಂಜಾಗುತ್ತದೆ. ಎರಡನೇ ಗೇರಿಗೆ ಇಳಿಸಿ ಎಂಜಿನ್ನಿನಿಂದಲೇ ಹಿಡಿಯಬೇಕು. ಆಟೋಮ್ಯಾಟಿಕ್ ಇದ್ದರೆ ಮ್ಯಾನ್ಯುಯಲ್ ಮೋಡ್. ಸುಟ್ಟ ವಾಸನೆ ಬಂದಾಗ ಅಡುಗೆ ಪಾತ್ರೆಯನ್ನು ಅನುಮಾನಿಸುವ ಮೊದಲು ಚಕ್ರ ನೋಡಿ. ವಾಂತಿಯ ಕವರು ಡಿಕ್ಕಿಯಲ್ಲಿದ್ದರೆ ಅದು ಇಲ್ಲವೆಂದೇ ಲೆಕ್ಕ.

ಕಠ್ಮಂಡುವಿನಲ್ಲಿ ಬೇರೆಯದೇ ಶಿಕ್ಷೆ ಕಾದಿದೆ. 2017ರ ಏಪ್ರಿಲ್ 14ರಿಂದ ಅಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆಯುವಂತಿಲ್ಲ. ನಮ್ಮ ಚಾಲಕನ ಹೆಬ್ಬೆರಳು ತಾನಾಗಿಯೇ ಸ್ಟೀರಿಂಗಿನ ನಡುವಿಗೆ ಹೋಗುತ್ತದೆ, ಹಿಂದಿನ ಸೀಟಿನಿಂದ ನಾಲ್ಕು ಜನ ಕೂಗುತ್ತಾರೆ. ಆ ಕೂಗಿಗೆ ನಿಷೇಧವಿಲ್ಲ. ಪಶುಪತಿನಾಥದಲ್ಲಿ ಬೆಲ್ಟು, ಪರ್ಸು ಸೇರಿ ಚರ್ಮದ ವಸ್ತುವೆಲ್ಲ ಹೊರಗೆ. ಅಲ್ಲಿನ ಪ್ರಧಾನ ಅರ್ಚಕರಾದ ಮೂಲ ಭಟ್ಟರು ಕರ್ನಾಟಕದವರು ಎಂಬುದು ನಿಜ. ಆದರೆ ಕಂಡಕಂಡ ಅರ್ಚಕರಿಗೆಲ್ಲ "ನಿಮ್ದು ಯಾವೂರು?" ಎಂದು ಕನ್ನಡದಲ್ಲಿ ಕೇಳುತ್ತ ನಿಂತರೆ ಸಡಿಲ ಪ್ಯಾಂಟು ಹಿಡಿದುಕೊಂಡ ಹಿಂದಿನ ಸಾಲು ಮುಂದೆ ಸಾಗುವುದಿಲ್ಲ. ಗರ್ಭಗುಡಿಯ ಸೇವೆಗೆ ನಿಂತ ಭಂಡಾರಿಗಳು ನೇಪಾಳದವರೇ.

ವಾಪಸು ಬರುವಾಗ ಬೆಲಹಿಯಾದಲ್ಲಿ ಮತ್ತೆ ಇಳಿದು, ಗಾಡಿ ಹೊರಹೋಯಿತೆಂದು ಭನ್ಸಾರ್ ಚೀಟಿಗೆ ನಮೂದು ಮಾಡಿಸಲೇಬೇಕು. ಮನೆ ತಲುಪುವ ಅವಸರದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಉಳಿದ ಎನ್‌ಸಿಯನ್ನೂ ಅಲ್ಲೇ ಬದಲಾಯಿಸಿಕೊಳ್ಳಿ. ಎಸ್‌ಎಸ್‌ಬಿಯವರು ಡಿಕ್ಕಿ ತೆಗೆಸುತ್ತಾರೆ, ಶಾಲುಗಳನ್ನು ಎಣಿಸುತ್ತಾರೆ, ಬೆಲೆ ಕೇಳುತ್ತಾರೆ. ಆಗ ಐಸಿಯಲ್ಲಿ ಎಷ್ಟೆಂದು ಹೆಂಡತಿಯ ಎದುರಿಗೆ ಬಾಯಿಬಿಡದಿರುವುದು ಕ್ಷೇಮ.